ಢಾಕಾದ ಸೋಲು ಅಚ್ಚರಿಯೇ? ಕಾಲ್ಚೆಂಡು ಅಂಕಣಕ್ಕೆ ಬಂದ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ರಾತ್ರಿಯ ಬಗ್ಗೆ. 2025ರ ನವೆಂಬರ್ 18ರಂದು ಢಾಕಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಬಾಂಗ್ಲಾದೇಶಕ್ಕೆ 0–1ರಿಂದ ಸೋತಿತು. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 2003ರ ನಂತರ ಇದೇ ಮೊದಲು. ಆಫ್‌ಸೈಡ್ ನಿಯಮದ ಬಗ್ಗೆ, ಬೂಟಿನ ಅಳತೆಯ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕೆಂದು ವಿನಂತಿ.

ಪತ್ರಗಳಲ್ಲಿ ಸಿಟ್ಟಿದೆ, ಅಳುವಿದೆ. ಒಂದೆರಡರಲ್ಲಿ ಅಚ್ಚು ಹಾಕಬಾರದ ಮಾತುಗಳೂ ಇವೆ. ಮೂವತ್ತು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸಿ, ಭಾನುವಾರಗಳನ್ನು ಮಂಗಳೂರಿನ ನೆಹರೂ ಮೈದಾನದಲ್ಲಿ ಸೀಟಿ ಊದುತ್ತ ಕಳೆದವನು ನಾನು. ವಿಶ್ವಕಪ್ ಬಂದಾಗ ಈ ಊರಿನ ಗಲ್ಲಿಗಲ್ಲಿಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾ ಬಾವುಟ ಏರುವುದನ್ನು ಪ್ರತಿ ಸಲವೂ ನೋಡಿದ್ದೇನೆ. ಭಾರತ ಸೋತರೆ ಇಷ್ಟು ಮನೆಗಳಲ್ಲಿ ರಾತ್ರಿಯ ಊಟ ಸೇರುವುದಿಲ್ಲ ಎಂಬುದು ಮಾತ್ರ ಈ ಪತ್ರಗಳನ್ನು ಓದುವವರೆಗೆ ನನಗೆ ತಿಳಿದಿರಲಿಲ್ಲ. ಬರೆದವರಿಗೆಲ್ಲ ನಮಸ್ಕಾರ.

ಪ್ರಶ್ನೆ: ಮಾಸ್ತರರೇ, ನಾವು ನಲವತ್ತು ಮಂದಿ ಒಂದೇ ಕೋಣೆಯಲ್ಲಿ ಕುಳಿತು ಪಂದ್ಯ ನೋಡಿದೆವು. ಆಟ ಆರಂಭವಾಗಿ ಹನ್ನೆರಡು ನಿಮಿಷ ತುಂಬುವ ಮೊದಲೇ ಗೋಲು ಬಿತ್ತು. ಆಮೇಲೂ ಯಾರೂ ಎದ್ದು ಹೋಗಲಿಲ್ಲ, ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆವು. ಮುಗಿದ ಮೇಲೆ ಒಬ್ಬ ಹುಡುಗ ತನ್ನ ನೀಲಿ ಅಂಗಿ ಕಳಚಿ ಹೊಳೆಗೆ ಎಸೆದ. ರ‍್ಯಾಂಕಿಂಗ್‌ನಲ್ಲಿ ನಾವು 136, ಅವರು 183. ಇಂತಹ ಅಚ್ಚರಿಯ ಸೋಲು ಹೇಗೆ ಸಾಧ್ಯ? – ಓದುಗರು, ಕಸಬಾ ಬೆಂಗ್ರೆ

ಉತ್ತರ: ಮೊದಲು ಅಂಗಿಯ ವಿಷಯ. ಇಳಿತಕ್ಕೆ ಸಿಕ್ಕಿ ಅಳಿವೆಯ ಕಡೆಗೆ ಹೋಗದೆ ದಡದಲ್ಲೇ ಉಳಿದಿದ್ದರೆ ಹೆಕ್ಕಿ ತಂದು, ಒಗೆದು, ಆ ಹುಡುಗನ ತಾಯಿಯ ಕೈಗೆ ಕೊಡಿ. ಮಾರ್ಚ್‌ನಲ್ಲಿ ಹಾಂಕಾಂಗ್ ವಿರುದ್ಧ ಗುಂಪಿನ ಕೊನೆಯ ಪಂದ್ಯ ಎಂದು 2025ರಲ್ಲೇ ನಿಗದಿಯಾಗಿತ್ತು. ಭಾರತ ಆಡುವ ದಿನ ಅವನೇ ಅದನ್ನು ಹುಡುಕುತ್ತಾನೆ. ಸಿಟ್ಟಿನಿಂದ ಅಂಗಿ ಎಸೆದವನಿಗೆ ಆ ಅಂಗಿ ಬೇಡವಾಗಿರುವುದಿಲ್ಲ.

ಇನ್ನು ಅಚ್ಚರಿ ಎಂಬ ಮಾತು. ಅದನ್ನು ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ಢಾಕಾಕ್ಕಿಂತ ಹಿಂದಿನ ನಾಲ್ಕು ಪಂದ್ಯಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮಾರ್ಚ್ 25ರಂದು ಶಿಲ್ಲಾಂಗಿನಲ್ಲಿ ಇದೇ ಬಾಂಗ್ಲಾದೇಶದ ಎದುರು 0–0. ಜೂನ್ 10ರಂದು ಹಾಂಕಾಂಗ್‌ನಲ್ಲಿ 0–1, ಅದೂ 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದ ಪೆನಾಲ್ಟಿಯಿಂದ. ಅಕ್ಟೋಬರ್ 9ರಂದು ಸಿಂಗಾಪುರದಲ್ಲಿ ಸಂದೇಶ್ ಝಿಂಗನ್ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೆ ಹತ್ತೇ ಮಂದಿ ಆಡಿ, 90ನೇ ನಿಮಿಷದಲ್ಲಿ ರಹೀಂ ಅಲಿ ಗೋಲು ಹೊಡೆದು 1–1. ಐದು ದಿನಗಳ ನಂತರ ಮಡಗಾಂವಿನಲ್ಲಿ ಅದೇ ಸಿಂಗಾಪುರದ ಎದುರು ನಮ್ಮ ಛಾಂಗ್ಟೆ ದೂರದಿಂದಲೇ ಒಂದು ಸುಂದರ ಗೋಲು ಹೊಡೆದರು, ಆದರೂ 1–2. ಆ ರಾತ್ರಿಯೇ ನಾವು ಏಷ್ಯನ್ ಕಪ್ಪಿನ ದಾರಿಯಿಂದ ಹೊರಬಿದ್ದಿದ್ದೆವು. ಢಾಕಾದ ಪಂದ್ಯವೂ ಸೇರಿದರೆ ಐದು ಪಂದ್ಯ, ನಾನೂರೈವತ್ತು ನಿಮಿಷ, ಎರಡು ಗೋಲು. ಒಂದು ಪಂದ್ಯವನ್ನೂ ಗೆದ್ದಿಲ್ಲ. ಇಷ್ಟನ್ನು ನೋಡಿದವರಿಗೆ ಢಾಕಾದಲ್ಲಿ ಎದೆಗೆ ಪೆಟ್ಟು ಬಿದ್ದಿರಬಹುದು, ಅಚ್ಚರಿಯಾಗಿರಲಾರದು.

ಗೋಲು ತಿನ್ನುವುದು ನಮ್ಮ ರೋಗವಲ್ಲ. ಐದು ಪಂದ್ಯಗಳಲ್ಲಿ ತಿಂದದ್ದು ಐದು, ಒಂದು ಪಂದ್ಯದಲ್ಲೂ ಎರಡಕ್ಕಿಂತ ಹೆಚ್ಚಿಲ್ಲ. ರೋಗ ಇರುವುದು ಎದುರಿನ ಗೋಲುಗಂಬದ ಬಳಿ. ಚೆಂಡು ಅಲ್ಲಿಗೆ ತಲುಪುತ್ತದೆ. ಕ್ರಾಸ್ ಬರುತ್ತದೆ, ಕಾರ್ನರ್ ಸಿಗುತ್ತದೆ. ಆಮೇಲೆ ಹೊಡೆಯುವ ಕಾಲು ಇಲ್ಲ.

ಗೋಲು ಬಾರದಿದ್ದರೆ ದೊಡ್ಡವರೂ ಬೀಳುತ್ತಾರೆ. 2022ರ ಮಾರ್ಚ್ 24ರಂದು ಪಲೆರ್ಮೊದಲ್ಲಿ ಇಟಲಿ ಉತ್ತರ ಮೆಸಿಡೋನಿಯಾದ ಗೋಲಿನತ್ತ 32 ಹೊಡೆತ ಹೊಡೆಯಿತು. ಒಂದೂ ಒಳಗೆ ಹೋಗಲಿಲ್ಲ. 92ನೇ ನಿಮಿಷದಲ್ಲಿ ಟ್ರೈಕೋವ್‌ಸ್ಕಿ ದೂರದಿಂದ ಹೊಡೆದ ಒಂದೇ ಹೊಡೆತಕ್ಕೆ ಎಂಟು ತಿಂಗಳ ಹಿಂದಷ್ಟೇ ಯೂರೋ ಕಪ್ ಎತ್ತಿದ್ದ ತಂಡ ವಿಶ್ವಕಪ್ಪಿನಿಂದ ಹೊರಗುಳಿಯಿತು. ಅದನ್ನು ಬೇಕಾದರೆ ಅಚ್ಚರಿ ಎನ್ನಿ. ಆದರೆ ನಾಲ್ಕು ವರ್ಷ ಹಿಂದೆ, 2018ರ ವಿಶ್ವಕಪ್ಪಿಗೂ ಇಟಲಿ ಹೋಗಿರಲಿಲ್ಲ. ಆಗ ಸ್ವೀಡನ್ ಎದುರು ಎರಡು ಪಂದ್ಯ ಸೇರಿ ಒಂದೂ ಗೋಲು ಬಂದಿರಲಿಲ್ಲ. ಅಲ್ಲಿನವರು ಮೊದಲನೆಯದನ್ನು ಅಚ್ಚರಿ ಎಂದು ಬದಿಗಿಟ್ಟದ್ದರಿಂದಲೇ ಎರಡನೆಯದು ಬಂತು ಎಂಬುದು ನನ್ನ ಅಭಿಪ್ರಾಯ. ನಮಗೂ ಹಾಗಾಗಬಾರದು.

ಹೊಡೆಯುವ ಕಾಲು ಏಕೆ ಇಲ್ಲ? ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗುತ್ತಾನೆ, ಬಾಲಗೋಪಾಲನಾಗುತ್ತಾನೆ. ಕೆಲವು ವರ್ಷ ಸ್ತ್ರೀವೇಷ, ಮತ್ತೆ ಪುಂಡುವೇಷ. ಹೀಗೆ ಮೆಟ್ಟಿಲೇರಿ ಒಂದು ದಿನ ಎದುರುವೇಷದಂತಹ ದೊಡ್ಡ ವೇಷಕ್ಕೆ ನಿಲ್ಲುತ್ತಾನೆ. ಈಗ ಯೋಚಿಸಿ, ಪ್ರತಿಯೊಂದು ಮೇಳವೂ ದೊಡ್ಡ ವೇಷಕ್ಕೆ ಹೊರಗಿನಿಂದಲೇ ಕಲಾವಿದರನ್ನು ಕರೆಸಿ, ನಮ್ಮ ಹುಡುಗರನ್ನು ಇಪ್ಪತ್ತೆಂಟು ವರ್ಷವಾದರೂ ಬಾಲಗೋಪಾಲನ ವೇಷದಲ್ಲೇ ಕುಣಿಸಿದರೆ ಹೇಗಿದ್ದೀತು? ದೇಶದ ಅಗ್ರ ಕ್ಲಬ್ ಲೀಗ್ ಆದ ಐಎಸ್‌ಎಲ್‌ನಲ್ಲಿ ನಡೆದಿರುವುದು ಅದೇ. ವಿದೇಶಿ ಆಟಗಾರರ ಸ್ಥಾನಗಳಲ್ಲಿ ಒಂದನ್ನು ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೇ ಇಟ್ಟುಕೊಳ್ಳುತ್ತವೆ. 2024–25ರ ಋತುವಿನಲ್ಲಿ ಅತಿ ಹೆಚ್ಚು, 23 ಗೋಲು ಹೊಡೆದವರು ಮೊರಾಕ್ಕೊದ ಅಜಾರೈ. ಭಾರತೀಯರ ಪೈಕಿ ಅತಿ ಹೆಚ್ಚು ಹೊಡೆದವರು ಸುನಿಲ್ ಛೆಟ್ರಿ, 14 ಗೋಲು. ಆಗ ಅವರ ವಯಸ್ಸು 40. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿಟ್ಟು ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದ ಆ ಮನುಷ್ಯನನ್ನು ಒಂಬತ್ತು ತಿಂಗಳಲ್ಲಿ ಮತ್ತೆ ಕರೆಯಬೇಕಾಯಿತು. ಛೆಟ್ರಿಯವರ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ. ಆದರೆ ಅವರನ್ನು ಕರೆದ ದಿನವೇ ನಾವು ಸೋತಿದ್ದೆವು, ಢಾಕಾದಲ್ಲಿ ಅದು ಕಣ್ಣಿಗೆ ಕಂಡಿತು, ಅಷ್ಟೆ.

ಪ್ರಶ್ನೆ: ರ‍್ಯಾಂಕಿಂಗ್ ಲೆಕ್ಕ ಹಾಕುವುದು ಹೇಗೆ? ಈ ಸೋಲಿನಿಂದ ನಮಗೆ ಎಷ್ಟು ನಷ್ಟ? – ಓದುಗರು, ಕಾರ್ಕಳ

ಉತ್ತರ: 2018ರಿಂದ ಫಿಫಾ ಹಿಡಿದಿರುವ ಪದ್ಧತಿ ಸರಳ. ಪ್ರತಿ ತಂಡಕ್ಕೆ ಒಂದಷ್ಟು ಅಂಕಗಳಿರುತ್ತವೆ. ಪಂದ್ಯ ಆಡಿದಾಗ ಸಾಮಾನ್ಯವಾಗಿ ಒಬ್ಬರಿಗೆ ಬಂದಷ್ಟು ಅಂಕ ಇನ್ನೊಬ್ಬರಿಂದ ಹೋಗುತ್ತದೆ. ನಮಗಿಂತ ಮೇಲಿನವರನ್ನು ಗೆದ್ದರೆ ಹೆಚ್ಚು ಬರುತ್ತದೆ, ಕೆಳಗಿನವರಿಗೆ ಸೋತರೆ ಹೆಚ್ಚು ಹೋಗುತ್ತದೆ. ಸ್ನೇಹಪರ ಪಂದ್ಯಕ್ಕಿಂತ ಅರ್ಹತಾ ಪಂದ್ಯದ ತೂಕ ದೊಡ್ಡದು. ಢಾಕಾದ ನಂತರ ನಾವು 142ಕ್ಕೆ ಇಳಿದೆವು. 2023ರ ಜುಲೈಯಲ್ಲಿ, ಬೆಂಗಳೂರಿನಲ್ಲಿ ಕುವೈತನ್ನು ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ಬೆನ್ನಿಗೆ, ನಾವು 99ರಲ್ಲಿದ್ದೆವು.

ಪ್ರಶ್ನೆ: ಢಾಕಾದ ಪಂದ್ಯದ ಮರುದಿನ ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಕುರಸಾವೊ ಎಂಬ ದ್ವೀಪ ವಿಶ್ವಕಪ್ಪಿಗೆ ಹೋಯಿತೆಂಬ ಸುದ್ದಿ. ಅಲ್ಲಿ ಒಂದೂವರೆ ಲಕ್ಷ ಜನ ಇದ್ದಾರಂತೆ. ನಾವು 140 ಕೋಟಿ. ಮಲ್ಪೆ ಬಂದರಿನಲ್ಲಿ ಬಲೆ ಸರಿಮಾಡುತ್ತ ಕುಳಿತಾಗ ಎಲ್ಲರದ್ದೂ ಇದೇ ಮಾತು. ನಾಚಿಕೆಯಾಗುವುದಿಲ್ಲವೇ? – ಓದುಗರು, ಮಲ್ಪೆ

ಉತ್ತರ: ನಾಚಿಕೆಗಿಂತ ಮೊದಲು ಆ ತಂಡಕ್ಕೊಂದು ಚಪ್ಪಾಳೆ ಹೊಡೆಯೋಣ. ಕುರಸಾವೊ ಕೆರಿಬಿಯನ್ ಸಮುದ್ರದ 444 ಚದರ ಕಿಲೋಮೀಟರಿನ ದ್ವೀಪ. ಅಂಥ ಮೂರು ದ್ವೀಪಗಳ ಜನರನ್ನು ನಮ್ಮ ಮಂಗಳೂರು ನಗರವೊಂದರಲ್ಲೇ ತುಂಬಿಸಬಹುದು. ಕಿಂಗ್‌ಸ್ಟನ್‌ನಲ್ಲಿ ಜಮೈಕಾದ ಎದುರು ಅವರಿಗೆ ಡ್ರಾ ಸಾಕಿತ್ತು. ಜಮೈಕಾದ ಚೆಂಡು ಮೂರು ಸಲ ಗೋಲುಗಂಬಕ್ಕೆ ಬಡಿಯಿತು. ಕೊನೆಯ ನಿಮಿಷಗಳಲ್ಲಿ ರೆಫರಿ ಕೊಟ್ಟ ಪೆನಾಲ್ಟಿಯನ್ನು ವಿಡಿಯೊ ನೋಡಿ ಹಿಂದಕ್ಕೆ ಪಡೆದರು. ಅವರ 78 ವರ್ಷದ ತರಬೇತುದಾರ ಡಿಕ್ ಅಡ್ವೊಕಾಟ್ ಮನೆಯ ತೊಂದರೆಯಿಂದಾಗಿ ಅಂದು ಮೈದಾನದಲ್ಲೇ ಇರಲಿಲ್ಲ. 0–0. ವಿಶ್ವಕಪ್ಪಿಗೆ ಹೋದ ದೇಶಗಳಲ್ಲೇ ಅತಿ ಕಡಿಮೆ ಜನಸಂಖ್ಯೆಯ ದೇಶ ಅದು. ಹಿಂದೆ ಆ ಹೆಸರು ಐಸ್‌ಲೆಂಡಿನದಾಗಿತ್ತು.

ಆದರೆ 140 ಕೋಟಿಯ ಲೆಕ್ಕ ಹಿಡಿದು ಅಳುವುದನ್ನು ನಾನು ಬಹಳ ವರ್ಷಗಳ ಹಿಂದೆಯೇ ಬಿಟ್ಟಿದ್ದೇನೆ. 2015ರ ಜೂನ್ 16ರಂದು ಗುವಾಮ್ ದ್ವೀಪ ನಮ್ಮನ್ನು 2–1ರಿಂದ ಸೋಲಿಸಿದಾಗಲೂ ಜನ ಇದನ್ನೇ ಹೇಳಿದರು. ಅಲ್ಲಿಯೂ ಲಕ್ಷದ ಲೆಕ್ಕದ ಜನವೇ. ಕಡಲಿನಲ್ಲಿ ಎಷ್ಟು ಮೀನು ಇದೆ ಎಂಬುದರಿಂದ ನಿಮ್ಮ ದೋಣಿ ತುಂಬುತ್ತದೆಯೇ? ಬಲೆ ಎಷ್ಟು ಅಗಲ, ಎಲ್ಲಿ ಹಾಕಿದ್ದೀರಿ, ಕಣ್ಣು ಎಷ್ಟು ಸಣ್ಣದು ಎಂಬುದರಿಂದ ತಾನೆ? ಕುರಸಾವೊದ ಆಟಗಾರರಲ್ಲಿ ಬಹುತೇಕ ಎಲ್ಲರೂ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, ಅಲ್ಲಿನ ಕ್ಲಬ್ಬುಗಳಲ್ಲಿ ಎಳವೆಯಿಂದ ಕಲಿತವರು. ಆ ದ್ವೀಪ ನೆದರ್ಲೆಂಡ್ಸ್ ಸಾಮ್ರಾಜ್ಯದ ಭಾಗ, ಪೌರತ್ವ ಒಂದೇ. ಅಂದರೆ ಜಗತ್ತಿನ ಅತ್ಯುತ್ತಮ ಬಲೆಗಳಲ್ಲಿ ಒಂದು ಅವರಿಗೆ ಸಿಕ್ಕಿದೆ. ನಮ್ಮ ಬಲೆ ಎಲ್ಲಿ ಹರಿದಿದೆ ಎಂದು ನೋಡುವುದು ಬಿಟ್ಟು ಕಡಲು ದೊಡ್ಡದು ಎಂದು ಹೇಳುತ್ತ ಕುಳಿತರೆ ಏನು ಬಂತು?

ಪ್ರಶ್ನೆ: ಬಾಂಗ್ಲಾದೇಶದ ಹಮ್ಜಾ ಚೌಧರಿ ಇಂಗ್ಲೆಂಡಿನಿಂದ ಬಂದವರು. ಹಾಗೆ ನಾವೂ ಹೊರದೇಶದ ಭಾರತೀಯರನ್ನು ಆಡಿಸಬಾರದೇಕೆ? – ಓದುಗರು, ದಮ್ಮಾಮ್, ಸೌದಿ (ಮೂಲ ಸುರತ್ಕಲ್)

ಉತ್ತರ: ಹಮ್ಜಾ ಲಫ್‌ಬರೋದಲ್ಲಿ ಹುಟ್ಟಿ ಲೆಸ್ಟರ್ ಸಿಟಿಯಲ್ಲಿ ಬೆಳೆದವರು, ತಾಯಿಯ ಊರು ಬಾಂಗ್ಲಾದೇಶ. ಶಿಲ್ಲಾಂಗಿನಲ್ಲಿ ನಮ್ಮ ಎದುರೇ ಅವರ ಮೊದಲ ಪಂದ್ಯ. ಢಾಕಾದಲ್ಲಿ ಮೊದಲಾರ್ಧದಲ್ಲಿ ಛಾಂಗ್ಟೆ ಗೋಲಿನತ್ತ ಹೊಡೆದ ಚೆಂಡನ್ನು ತಲೆಯಿಂದ ಹೊರಗಟ್ಟಿದವರೂ ಅವರೇ. ಆ ಒಂದು ಕ್ಷಣದಲ್ಲಿ ಪಂದ್ಯ ನಮ್ಮ ಕೈತಪ್ಪಿತು.

ಬಾಂಗ್ಲಾದೇಶದವರು ಬ್ರಿಟನ್ ಪೌರತ್ವ ಇಟ್ಟುಕೊಂಡೇ ತಮ್ಮ ದೇಶಕ್ಕೆ ಆಡಬಹುದು. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಭಾರತದ ಪಾಸ್‌ಪೋರ್ಟ್ ಇಲ್ಲದವರು ಭಾರತಕ್ಕೆ ಆಡುವಂತಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟು ಬಂದರು. ತಂಡದ ಜೊತೆ ಢಾಕಾಕ್ಕೂ ಹೋದರು, ಕಾಗದಪತ್ರ ಪೂರ್ತಿಯಾಗದೆ ಆಡಲಾಗಲಿಲ್ಲ. ಒಬ್ಬ ಮನುಷ್ಯ ತನ್ನ ದೇಶದ ಪಾಸ್‌ಪೋರ್ಟ್ ಬಿಟ್ಟು ನಮ್ಮ ಅಂಗಿ ತೊಡಲು ಬರುತ್ತಾನೆಂದರೆ ಅದು ಸಣ್ಣ ಮಾತಲ್ಲ. ಅಂಥವರು ಬರಲಿ, ಎರಡು ಕೈ ಮುಗಿದು ಸ್ವಾಗತಿಸುತ್ತೇನೆ. ಆದರೆ ಅದರಿಂದಲೇ ಎಲ್ಲವೂ ಸರಿಯಾಗುತ್ತದೆ ಎಂದು ನಂಬಬೇಡಿ. ಢಾಕಾದ ಗೋಲು ಹೊಡೆದದ್ದು ಹಮ್ಜಾ ಅಲ್ಲ. ಬಾಂಗ್ಲಾದೇಶದಲ್ಲೇ ಹುಟ್ಟಿ, ಅಲ್ಲೇ ಆಡಿ ಬೆಳೆದ ಶೇಖ್ ಮೊರ್ಸಲಿನ್.

ಪ್ರಶ್ನೆ: (ಹೆಸರು, ಊರು ಇಲ್ಲದ ಪತ್ರ. ಆಟಗಾರರನ್ನು, ತರಬೇತುದಾರ ಖಾಲಿದ್ ಜಮೀಲರನ್ನು ಅವರ ಧರ್ಮ, ಊರು ಹಿಡಿದು ಬೈದಿದ್ದಾರೆ. ಇವರನ್ನೆಲ್ಲ ಏನು ಮಾಡಬೇಕು ಎಂಬುದು ಪ್ರಶ್ನೆ.)

ಉತ್ತರ: ಪತ್ರವನ್ನು ಹರಿದು ಹಾಕಿದ್ದೇನೆ. ಇದೇ ಜಮೀಲರು 2025ರ ಆಗಸ್ಟ್‌ನಲ್ಲಿ ತಂಡವನ್ನು ಕೈಗೆತ್ತಿಕೊಂಡು, ಸೆಪ್ಟೆಂಬರ್‌ನಲ್ಲಿ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದಾಗ ನೀವು ಅಭಿನಂದನೆಯ ಪತ್ರ ಬರೆದಿದ್ದಿರಾ? ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಆರಂಭವಾಗುವ ಐಎಸ್‌ಎಲ್ 2025ರಲ್ಲಿ ನವೆಂಬರ್ ಅರ್ಧ ಕಳೆದರೂ ಆರಂಭವಾಗಿರಲಿಲ್ಲ. ವಾರ ವಾರ ಆಡಬೇಕಾದ ಕಾಲುಗಳು ಪಂದ್ಯವೇ ಇಲ್ಲದೆ ಢಾಕಾಕ್ಕೆ ಹೋದವು. ಆ ಸಿಟ್ಟನ್ನು ಯಾರ ಮೇಲೆ ತೀರಿಸಬೇಕು ಎಂದು ನೀವೇ ಯೋಚಿಸಿ, ಆಮೇಲೆ ಹೆಸರು ಹಾಕಿ ಬರೆಯಿರಿ. ಹೆಸರು ಹಾಕಿದ ಸಿಟ್ಟನ್ನು ನಾನು ಖಂಡಿತ ಪ್ರಕಟಿಸುತ್ತೇನೆ.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು ವರ್ಷ. ಅವನ ಮಾವ ದುಬೈಯಿಂದ ತಂದ ಅರ್ಜೆಂಟೀನಾ ಅಂಗಿಯನ್ನು ಮೈಯಿಂದ ತೆಗೆಯುವುದಿಲ್ಲ. ಢಾಕಾದಲ್ಲಿ ಸೋತಾಗ "ನಮ್ಮ ತಂಡ ಇಷ್ಟೇ" ಎಂದು ನಕ್ಕ. ನನ್ನ ಯಜಮಾನರು ಅವನ ಕೆನ್ನೆಗೆ ಹೊಡೆದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಯಾರದು ತಪ್ಪು? – ಓರ್ವ ತಾಯಿ, ಉಳ್ಳಾಲ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊಡೆದದ್ದು ತಪ್ಪು. ನಿಮ್ಮ ಯಜಮಾನರ ನೋವು ನನಗೆ ಅರ್ಥವಾಗುತ್ತದೆ, ಆದರೂ ಹೊಡೆಯಬಾರದಿತ್ತು. ಅದನ್ನು ಅವರೇ ಮಗನಿಗೆ ಹೇಳಲಿ.

ಅಂಗಿಯ ವಿಷಯದಲ್ಲಿ ಹುಡುಗನದು ತಪ್ಪಿಲ್ಲ. ಒಳ್ಳೆಯ ಆಟವನ್ನು ಪ್ರೀತಿಸುವುದಕ್ಕೆ ಗಡಿ ಇಲ್ಲ. ಉಳ್ಳಾಲದಲ್ಲಿ, ಬೆಂಗ್ರೆಯಲ್ಲಿ ಎಷ್ಟೋ ಮಕ್ಕಳು ಆಟ ಕಲಿತದ್ದೇ ಮೆಸ್ಸಿಯನ್ನು, ರೊನಾಲ್ಡೊವನ್ನು ನೋಡಿ. ನಕ್ಕದ್ದರ ಬಗ್ಗೆ ಮಾತ್ರ ಅವನ ಜೊತೆ ಮಾತನಾಡಬೇಕು. 2022ರ ನವೆಂಬರ್ 22 ನೆನಪಿದೆಯೇ ಎಂದು ಅವನನ್ನು ಕೇಳಿ. ಆಗ ಅವನಿಗೆ ಹನ್ನೊಂದು ವರ್ಷ, ನೆನಪಿರುತ್ತದೆ. 36 ಪಂದ್ಯ ಸೋಲದೆ ಬಂದಿದ್ದ ಅರ್ಜೆಂಟೀನಾ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 1–2ರಿಂದ ಸೋತಿತು. ಮರುದಿನ ಬೆಳಗ್ಗೆ ನಾನು ಮೈದಾನದಲ್ಲಿ ಕಂಡದ್ದು ಹೇಳುತ್ತೇನೆ. ಬಿಳಿ-ನೀಲಿ ಪಟ್ಟೆಯ ಅಂಗಿ ತೊಟ್ಟ ಏಳೆಂಟು ಹುಡುಗರು ಬಂದಿದ್ದರು. ಬ್ರೆಜಿಲ್ ಅಭಿಮಾನಿಗಳು ಸುತ್ತ ನಿಂತು ಬೊಬ್ಬೆ ಹೊಡೆಯುತ್ತಿದ್ದರು. ಈ ಮಕ್ಕಳ ಮುಖ ಕೆಂಪಾಗಿತ್ತು, ಆದರೆ ಒಬ್ಬನೂ ಅಂಗಿ ಬದಲಿಸಿ ಬಂದಿರಲಿಲ್ಲ. ಡಿಸೆಂಬರ್ 18ರಂದು ಆ ತಂಡ ಕಪ್ ಎತ್ತಿದಾಗ ಅವರ ಸಂತೋಷ ಉಳಿದವರ ಸಂತೋಷದಂತಿರಲಿಲ್ಲ. ನಿಮ್ಮ ಮಗನೂ ಆ ಬೆಳಗ್ಗೆ ಅಂಗಿ ಬದಲಿಸಿರಲಾರ. ಸೋತ ತಂಡದ ಜೊತೆ ನಿಲ್ಲುವುದು ಅವನಿಗೆ ಗೊತ್ತಿದೆ. ಅದನ್ನೇ ಭಾರತಕ್ಕೂ ಕೊಡು ಎಂದು ಕೇಳಿದರೆ ಅವನು ಇಲ್ಲ ಎನ್ನುವುದಿಲ್ಲ ಎಂದು ನನ್ನ ನಂಬಿಕೆ. ಮುಂದಿನ ಪಂದ್ಯವನ್ನು ತಂದೆ, ಮಗ ಒಟ್ಟಿಗೆ ಕುಳಿತು ನೋಡಲಿ. ಅರ್ಜೆಂಟೀನಾ ಅಂಗಿ ತೊಟ್ಟೇ ನೋಡಲಿ, ಪರವಾಗಿಲ್ಲ.

ಪ್ರಶ್ನೆ: ಬರಿಗಾಲಲ್ಲಿ ಆಡುತ್ತಾರೆಂದು ಭಾರತವನ್ನು 1950ರ ವಿಶ್ವಕಪ್ಪಿಗೆ ಸೇರಿಸಲಿಲ್ಲ ಎನ್ನುತ್ತಾರಲ್ಲ, ನಿಜವೇ? – ಓದುಗರು, ಬ್ರಹ್ಮಾವರ

ಉತ್ತರ: ನಿಜವಲ್ಲ. ಗುಂಪಿನ ಎದುರಾಳಿಗಳು ಹಿಂದೆ ಸರಿದದ್ದರಿಂದ ನಾವು ಅರ್ಹತೆ ಪಡೆದಿದ್ದೆವು, ಹೋಗದೆ ಉಳಿದದ್ದು ನಾವೇ. ಆ ಕಾಲದಲ್ಲಿ ನಮ್ಮವರಿಗೆ ಒಲಿಂಪಿಕ್ಸ್ ದೊಡ್ಡದು, ಬ್ರೆಜಿಲ್ ಬಹಳ ದೂರ. ಬರಿಗಾಲಿನ ಕತೆ ಆಮೇಲೆ ಸೇರಿಕೊಂಡದ್ದು.

ಪ್ರಶ್ನೆ: ಸೋಲಿನ ಬಗ್ಗೆಯೇ ಓದಿ ಮಂಡೆಬಿಸಿಯಾಗಿದೆ. ಅರ್ಹತಾ ಪಂದ್ಯಗಳಲ್ಲಿ ನೀವು ಕಂಡ ಒಂದು ಒಳ್ಳೆಯ ದಿನದ ಬಗ್ಗೆ ಬರೆಯುತ್ತೀರಾ? – ಓದುಗರು, ಕುಂದಾಪುರ

ಉತ್ತರ: ಸಂತೋಷದಿಂದ. 2017ರ ಅಕ್ಟೋಬರ್ 10ರ ರಾತ್ರಿ ಮಂಗಳೂರಿನಿಂದ ಬಸ್ ಹತ್ತಿದೆ. ಶಿರಾಡಿಯಲ್ಲಿ ಮಳೆ. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಕಾಫಿ ಹಿಡಿದುಕೊಂಡು ನಿಂತಾಗ ಪಕ್ಕದವರ ಮೊಬೈಲಿನಲ್ಲಿ ಸುದ್ದಿ ಬಂತು: ಗುಂಪಿನ ತಳದಲ್ಲಿದ್ದ ಟ್ರಿನಿಡಾಡ್ ಮತ್ತು ಟೊಬಾಗೊ ಅಮೆರಿಕವನ್ನು 2–1ರಿಂದ ಸೋಲಿಸಿದೆ. ಡ್ರಾ ಮಾಡಿದ್ದರೂ ಸಾಕಿದ್ದ ಅಮೆರಿಕ ವಿಶ್ವಕಪ್ಪಿನಿಂದ ಹೊರಗೆ, ಪನಾಮಾ ಮೊದಲ ಬಾರಿ ಒಳಗೆ. ನನ್ನ ಕೈ ನಡುಗಿತು. ಅಮೆರಿಕಕ್ಕೇ ಹೀಗಾದರೆ ಸಂಜೆ ನಮ್ಮ ಗತಿಯೇನು ಎಂದು. ನಾನು ಬಂದಿದ್ದದ್ದು ಕಂಠೀರವದಲ್ಲಿ ಭಾರತ–ಮಕಾವ್ ಪಂದ್ಯ ನೋಡಲು. ಗೆದ್ದರೆ ಏಷ್ಯನ್ ಕಪ್.

28ನೇ ನಿಮಿಷದಲ್ಲಿ ರಾಲಿನ್ ಬೋರ್ಜಸ್ ಗೋಲು ಹೊಡೆದರು. ಹತ್ತು ನಿಮಿಷದಲ್ಲಿ ಮಕಾವ್ ಸಮ ಮಾಡಿತು. ವಿರಾಮದಲ್ಲಿ ಇಡೀ ಗ್ಯಾಲರಿ ಮೌನ. ನನ್ನ ಪಕ್ಕದಲ್ಲಿ ಕುಳಿತಿದ್ದ ಮಣಿಪುರದ ಒಬ್ಬ ಯುವಕ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದ. 60ನೇ ನಿಮಿಷದಲ್ಲಿ ಛೆಟ್ರಿ. ಆಮೇಲೆ ಮಕಾವ್‌ನವರದೇ ಕಾಲಿನಿಂದ ಒಂದು, ಕೊನೆಗೆ ಜೇಜೆಯದೊಂದು. 4–1. ಭಾಷೆ ಬಾರದ ಆ ಯುವಕ, ನಾನು ತಬ್ಬಿಕೊಂಡು ನಿಂತಿದ್ದೆವು. ಅದೇ ರಾತ್ರಿಯ ಬಸ್ಸಿಗೆ ವಾಪಸ್ ಬಂದೆ. ನಿದ್ರೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇನ್ನೊಂದು ದಿನವನ್ನೂ ಸೇರಿಸುತ್ತೇನೆ: 2019ರ ಸೆಪ್ಟೆಂಬರ್ 10, ದೋಹಾ. ಆಗಿನ ಏಷ್ಯಾ ಚಾಂಪಿಯನ್ ಕತಾರ್ ಎದುರು, ಜ್ವರದಿಂದ ಛೆಟ್ರಿ ಆಡದ ದಿನ, ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ನಾಯಕನಾಗಿ ನಿಂತು ಬಂದದ್ದೆಲ್ಲವನ್ನೂ ತಡೆದರು. 0–0. ಆದರೆ ಮುಂದಿನ ತಿಂಗಳು ಕೋಲ್ಕತ್ತದಲ್ಲಿ ಬಾಂಗ್ಲಾದೇಶದ ಎದುರು ಸೋಲಿನ ಅಂಚಿನಲ್ಲಿದ್ದ ನಮ್ಮನ್ನು 88ನೇ ನಿಮಿಷದಲ್ಲಿ ಗೋಲು ಹೊಡೆದು ಉಳಿಸಿದ್ದು ಆದಿಲ್ ಖಾನ್, ಒಬ್ಬ ಡಿಫೆಂಡರ್. ಒಳ್ಳೆಯ ದಿನ ಕೇಳಿದಿರಿ, ನನ್ನ ಮನಸ್ಸು ಮತ್ತೆ ಅಲ್ಲಿಗೇ ಹೋಯಿತು, ಕ್ಷಮಿಸಿ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ಹತ್ತನೇ ತರಗತಿಯವರ ಆಟದ ಅವಧಿಯನ್ನು ಡಿಸೆಂಬರ್‌ನಿಂದ ಗಣಿತಕ್ಕೆ ಕೊಡಬೇಕೆಂದು ನಮ್ಮಲ್ಲಿ ತೀರ್ಮಾನವಾಗಿದೆ. ನಾನು ವಿರೋಧಿಸಬೇಕೇ? – ಶಿಕ್ಷಕರು, ಉಡುಪಿ ತಾಲ್ಲೂಕು

ಉತ್ತರ: ವಿರೋಧಿಸಿ. ನಾನು ವಿರೋಧಿಸಲಿಲ್ಲ, ಅದನ್ನು ಹೇಳಲೆಂದೇ ನಿಮ್ಮ ಪ್ರಶ್ನೆಯನ್ನು ಆರಿಸಿದೆ.

ಬಹಳ ವರ್ಷಗಳ ಹಿಂದಿನ ಮಾತು. ಹೊಳೆಯಾಚೆಯಿಂದ ದೋಣಿಯಲ್ಲಿ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗನಿದ್ದ. ಎಡಗಾಲಿನವನು. ಮರಳಿನಲ್ಲಿ ಆಡಿ ಬೆಳೆದವನಾದ್ದರಿಂದ ಗಟ್ಟಿ ನೆಲದಲ್ಲಿ ಅವನ ಓಟ ಹಾರಿದಂತೆ ಕಾಣುತ್ತಿತ್ತು. ಗೋಲುಪೆಟ್ಟಿಗೆಯ ಹತ್ತಿರ ಬಂದರೆ ಉಳಿದ ಮಕ್ಕಳು ಗಾಬರಿಯಾಗಿ ಚೆಂಡನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ. ಇವನು ಒಮ್ಮೆ ತಲೆ ಎತ್ತಿ ಕೀಪರ್ ಎಲ್ಲಿದ್ದಾನೆ ಎಂದು ನೋಡುತ್ತಿದ್ದ. ಅದನ್ನು ಕಲಿಸಲಾಗುವುದಿಲ್ಲ, ಕಂಡಾಗ ಕಾಪಾಡಬಹುದು ಅಷ್ಟೆ. ಹತ್ತನೇ ತರಗತಿಯಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಅವನ ಹೆಸರು ಬಂತು. ಆಯ್ಕೆ ನಡೆಯುವ ದಿನ ಶಾಲೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಶಾಲೆಯವರು ಬಿಡಲಿಲ್ಲ. ನಾನು ಒಮ್ಮೆ ಕೇಳಿದೆ, ಆಗುವುದಿಲ್ಲ ಎಂದರು, ಸುಮ್ಮನಾದೆ. ಎರಡನೇ ಸಲ ಕೇಳಲಿಲ್ಲ.

ಅವನೀಗ ಸೌದಿಯಲ್ಲಿ ಕ್ರೇನ್ ನಡೆಸುತ್ತಾನೆ. ಮನೆ ಕಟ್ಟಿಸಿದ್ದಾನೆ, ಮಕ್ಕಳು ಓದುತ್ತಿದ್ದಾರೆ, ಚೆನ್ನಾಗಿದ್ದಾನೆ. ಢಾಕಾದ ಪಂದ್ಯ ಮುಗಿದ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ. ಛಾಂಗ್ಟೆ ಹೊಡೆದ, ಹಮ್ಜಾ ತಡೆದ ಆ ಚೆಂಡಿನ ಬಗ್ಗೆ ಹತ್ತು ನಿಮಿಷ ಮಾತನಾಡಿದ. "ಸರ್, ಅದನ್ನು ನೆಲಕ್ಕೆ ತಾಗಿಸಿಕೊಂಡೇ ಹೊಡೆಯಬೇಕಿತ್ತು, ಎತ್ತರಕ್ಕೆ ಹೋದದ್ದರಿಂದ ತಲೆಗೆ ಸಿಕ್ಕಿತು" ಎಂದ. ಬೇರೆ ಏನೂ ಹೇಳಲಿಲ್ಲ. ಈ ಅಂಕಣಕ್ಕೆ ದಮ್ಮಾಮಿನಿಂದ ಪ್ರಶ್ನೆ ಕಳಿಸಿದವರು ಬೇರೆಯವರು, ಆದರೆ ಆ ಊರಿನ ಹೆಸರು ಲಕೋಟೆಯ ಮೇಲೆ ಕಂಡಾಗ ನನಗೆ ಇವನೇ ನೆನಪಾದ.

ಆ ಹುಡುಗ ಭಾರತಕ್ಕೆ ಆಡುತ್ತಿದ್ದ ಎಂದು ನಾನು ಹೇಳುವುದಿಲ್ಲ, ಯಾರಿಗೆ ಗೊತ್ತು. ಆಯ್ಕೆಯ ಮೈದಾನಕ್ಕೆ ಅವನು ಹೋಗಬೇಕಿತ್ತು, ಅಷ್ಟು ಮಾತ್ರ ಹೇಳುತ್ತೇನೆ. ನೀವು ಮುಖ್ಯೋಪಾಧ್ಯಾಯರ ಬಳಿ ಹೋಗಿ. ಆಗುವುದಿಲ್ಲ ಎಂದರೆ ಪೋಷಕರನ್ನು ಕರೆದುಕೊಂಡು ಎರಡನೇ ಸಲ ಹೋಗಿ. ವಾರಕ್ಕೆ ಎರಡು ಅವಧಿಯಾದರೂ ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಎಂಟನೇ ತರಗತಿ. ನನಗೆ ಬಲಗಾಲಿನಿಂದ ಮಾತ್ರ ಹೊಡೆಯಲು ಬರುತ್ತದೆ. ಎಡಗಾಲಿನಿಂದ ಗೋಲು ಹೊಡೆಯಲು ಕಲಿಯುವುದು ಹೇಗೆ? – ವಿದ್ಯಾರ್ಥಿ, ಬೋಳಾರ

ಉತ್ತರ: ಮಗೂ, ಈ ವಾರ ಬಂದ ಪತ್ರಗಳಲ್ಲಿ ನಿನ್ನದನ್ನೇ ಮೊದಲು ಓದಬೇಕಿತ್ತು.

ಒಂದು ಗೋಡೆ ಹುಡುಕು. ಯಾರ ಮನೆಯದು ಎಂದು ಕೇಳಿ ಒಪ್ಪಿಗೆ ಪಡೆದುಕೋ. ಸೀಮೆಸುಣ್ಣದಿಂದ ನಿನ್ನ ಮೊಣಕಾಲಿನ ಎತ್ತರಕ್ಕೆ ಒಂದು ಚೌಕ ಬರೆ. ಐದು ಹೆಜ್ಜೆ ಹಿಂದೆ ನಿಲ್ಲು. ಬಲಗಾಲನ್ನು ಚೆಂಡಿನ ಪಕ್ಕದಲ್ಲಿ, ಒಂದು ಗೇಣು ಬಿಟ್ಟು ಊರು, ಆ ಪಾದದ ಬೆರಳು ಚೌಕದ ಕಡೆಗೇ ಇರಲಿ. ಎಡಗಾಲು ತಪ್ಪಿ ಹೊಡೆಯುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಊರಿದ ಬಲಗಾಲೇ. ಎಡಪಾದದ ಕೀಲನ್ನು ಬಿಗಿ ಹಿಡಿದು, ಪಾದದ ಒಳಬದಿಯಿಂದ ಮೆಲ್ಲಗೆ ಹೊಡೆ. ಜೋರು ಬೇಡ. ದಿನಕ್ಕೆ ಐವತ್ತು. ಮೊದಲ ವಾರ ಚೆಂಡು ಎಲ್ಲೆಲ್ಲಿಗೋ ಹೋಗುತ್ತದೆ, ಹೋಗಲಿ. ಎರಡು ವಾರದ ನಂತರ ಗೋಡೆಯಿಂದ ಹಿಂದೆ ಬಂದ ಚೆಂಡನ್ನು ನಿಲ್ಲಿಸದೆ ಹಾಗೆಯೇ ಹೊಡೆ. ಅದು ಬಂದ ಮೇಲೆ ಪಾದದ ಮೇಲ್ಭಾಗದಿಂದ, ಬೂಟಿನ ದಾರ ಇರುವ ಜಾಗದಿಂದ ಹೊಡೆಯಲು ಆರಂಭಿಸು. ಆಗ ಎದೆಯನ್ನು ಚೆಂಡಿನ ಮೇಲೆ ಬಾಗಿಸಬೇಕು, ಹಿಂದಕ್ಕೆ ವಾಲಿದರೆ ಚೆಂಡು ಮೇಲಕ್ಕೆ ಹೋಗುತ್ತದೆ. ತಿಂಗಳಾದ ಮೇಲೆ ಒಬ್ಬ ಗೆಳೆಯನಿಗೆ ನಿನ್ನ ಹಿಂದಿನಿಂದ ಓಡಿ ಬರಲು ಹೇಳು. ಯಾರೋ ಬರುತ್ತಿದ್ದಾರೆ ಎಂದು ತಿಳಿದೂ ತಲೆ ಎತ್ತಿ ಚೌಕವನ್ನು ನೋಡಿ ಹೊಡೆಯಬೇಕು.

ಮುರಕಲ್ಲಿನ ನೆಲದಲ್ಲಿ ಬರಿಗಾಲಲ್ಲಿ ಆಡಬೇಡ. ಭಾನುವಾರ ಬೆಳಗ್ಗೆ ಆರೂವರೆಗೆ ನೆಹರೂ ಮೈದಾನಕ್ಕೆ ಬಾ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಡೆಯ ಗೋಲುಗಂಬದ ಬಳಿ ಇರುತ್ತೇನೆ. ಮನೆಯಲ್ಲಿ ಹೇಳಿ ಬಾ, ಕುಡಿಯಲು ನೀರು ತಾ.